ದೇವರು ಕೊಟ್ಟ ಮಾತು, ನಾವು ನಡೆಸುವ ಬಾಳು

"ದೇವರಿದ್ದಾನೆ, ಎಲ್ಲ ಸರಿಹೋಗುತ್ತದೆ" ಎಂಬ ಮಾತನ್ನು ನಾವು ಎಷ್ಟು ಸಲ ಹೇಳಿರುತ್ತೇವೆ, ಎಷ್ಟು ಸಲ ಕೇಳಿರುತ್ತೇವೆ! ಆಸ್ಪತ್ರೆಯ ವರಾಂಡದಲ್ಲಿ, ಸಾವಿನ ಮನೆಯಲ್ಲಿ, ಊರಿಗೆ ಹೊರಟ ರೈಲಿನ ಕಿಟಕಿಯ ಬಳಿ, ಕೆಲಸ ಕಳೆದುಕೊಂಡವನ ಎದುರಿನಲ್ಲಿ, ಬೇರೇನೂ ತೋಚದೆ ಇದನ್ನೇ ಆಡುತ್ತೇವೆ. ಹೇಳಿದವರಿಗೆ ಅದರಿಂದ ಒಂದು ಸಮಾಧಾನ. ಕೇಳಿದವರಿಗೂ ಅಷ್ಟೇ ಸಮಾಧಾನವಾಯಿತೆ ಎಂದು ನಾವು ನಿಂತು ನೋಡುವುದು ಕಡಿಮೆ. ಆದ್ದರಿಂದ ಈ ಮಾತು ಸತ್ಯವೋ, ಬರಿಯ ಸೌಜನ್ಯವೋ ಎಂಬ ಪ್ರಶ್ನೆಯನ್ನು ಒಮ್ಮೆಯಾದರೂ ಎತ್ತಿಕೊಳ್ಳತಕ್ಕದ್ದೇ.

ನಮ್ಮ ನಮ್ಮ ಬದುಕಿನಲ್ಲಿ ಇದನ್ನು ಪರೀಕ್ಷಿಸುವುದು ಕಷ್ಟ. ನಾವಿನ್ನೂ ಕಥೆಯ ನಡುವೆ ಇದ್ದೇವೆ, ಕೊನೆ ಕಂಡಿಲ್ಲ. ಭಕ್ತರ ಯೋಗಕ್ಷೇಮವನ್ನು ತಾನೇ ಹೊರುವೆನೆಂದು ಭಗವಂತನು ಹೇಳಿದ ಮಾತು ಗೀತೆಯ ೯ನೆಯ ಅಧ್ಯಾಯದಲ್ಲಿದೆ. ಜೀವ ವಿಮಾ ನಿಗಮವು ಅದನ್ನು ತನ್ನ ಧ್ಯೇಯವಾಕ್ಯವಾಗಿ ಇರಿಸಿಕೊಂಡಿರುವುದರಿಂದ ಪ್ರೀಮಿಯಮ್ ಕಟ್ಟುವ ನಮಗೆಲ್ಲ ಅದು ಪರಿಚಿತವೇ. ಆದರೆ ಇಂಥ ಕಾಲದಲ್ಲಿ, ಇಂಥ ಊರಿನಲ್ಲಿ, ಇಂಥ ಜನರಿಗೆ ಮಾತು ಕೊಟ್ಟದ್ದು, ಅದರಲ್ಲಿ ಇಷ್ಟು ನಡೆದದ್ದು, ಇಷ್ಟು ಉಳಿದದ್ದು ಎಂದು ಲೆಕ್ಕ ಹಿಡಿದು ನೋಡಲು ಸಿಗುವ ಒಂದು ಪ್ರಸಂಗವಿದೆ. ಅದು ಯೆಹೂದ್ಯರ ಬಾಬಿಲೋನಿನ ಸೆರೆವಾಸ. ಊರು ಬಿಟ್ಟವರ ಕಥೆಯಾದ್ದರಿಂದ, ಊರು ಬಿಟ್ಟು ಬಂದ ನಮಗೆ ಅದರಲ್ಲಿ ಯೋಚಿಸತಕ್ಕದ್ದು ಹೆಚ್ಚಾಗಿಯೇ ಇದೆ.

ಕ್ರಿ.ಪೂ. ೫೯೭ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮನ್ನು ಹಿಡಿದನು. ೧೮ ವರ್ಷದ ಅರಸ ಯೆಹೋಯಾಖೀನನನ್ನೂ ಅವನ ಜೊತೆಗೆ ಅಧಿಕಾರಿಗಳು, ಕಮ್ಮಾರರು, ಕುಶಲಕರ್ಮಿಗಳು ಮೊದಲಾದವರನ್ನೂ ಸಾವಿರ ಕಿಲೋಮೀಟರಿಗೂ ಮೀರಿದ ದಾರಿ ನಡೆಸಿಕೊಂಡು ಹೋದನು. ಸುಮಾರು ೧೧ ವರ್ಷಗಳ ಮೇಲೆ, ಊರಿನಲ್ಲಿ ಉಳಿದವರು ದಂಗೆಯೆದ್ದಾಗ, ದೇವಾಲಯವನ್ನು ಸುಟ್ಟು, ಗೋಡೆ ಕೆಡವಿ, ಮತ್ತಷ್ಟು ಜನರನ್ನು ಒಯ್ದನು. ನಾವು ಇಲ್ಲಿಗೆ ಬಂದದ್ದು ನೌಕರಿಗಾಗಿ, ಟಿಕೆಟು ಕೊಂಡು. ಅವರನ್ನು ಕೊಂಡೊಯ್ದದ್ದು ಸಂಕೋಲೆಯಲ್ಲಿ. ಈ ಭೇದವನ್ನು ಮರೆತು ಅವರ ದುಃಖಕ್ಕೆ ನಮ್ಮದನ್ನು ಸರಿಗಟ್ಟುವುದು ಉಚಿತವಲ್ಲ. ಆದರೂ ಹೊರನಾಡಿನಲ್ಲಿ ರಾತ್ರಿ ಮಲಗಿದಾಗ ಮನಸ್ಸಿಗೆ ಬರುವ ಪ್ರಶ್ನೆ ಇಬ್ಬರಿಗೂ ಒಂದೇ: ನಾವು ಹಿಂದಿರುಗುವುದು ಯಾವಾಗ?

ಈ ಪ್ರಶ್ನೆಗೆ ಇಬ್ಬರು ಉತ್ತರ ಕೊಟ್ಟರು. ಹನನ್ಯನೆಂಬ ಪ್ರವಾದಿ, ಎರಡೇ ವರ್ಷಗಳಲ್ಲಿ ಎಲ್ಲರೂ ಹಿಂದಿರುಗುವರೆಂದು ದೇವಾಲಯದಲ್ಲಿ ಸಭೆಯ ಮುಂದೆ ಸಾರಿದನು. ಯೆರೆಮೀಯನೆಂಬ ಇನ್ನೊಬ್ಬ ಪ್ರವಾದಿ ಅದನ್ನು ಕೇಳಿ ಮೊದಲು ಆಡಿದ ಮಾತು, ಹಾಗೆಯೇ ಆಗಲಿ ಎಂದು. ಆ ಭರವಸೆ ನಿಜವಾಗಲೆಂದು ಅವನಿಗೂ ಆಸೆಯಿತ್ತು. ಆದರೆ ಆಸೆಯಿದ್ದ ಮಾತ್ರಕ್ಕೆ ಅದನ್ನು ದೇವರ ಮಾತೆನ್ನಲು ಅವನು ಒಪ್ಪಲಿಲ್ಲ. ಸೆರೆಯಲ್ಲಿದ್ದವರಿಗೆ ಅವನು ಬರೆದ ಕಾಗದ ಅರಸನ ದೂತರ ಕೈಯಲ್ಲಿ ಬಾಬಿಲೋನಿಗೆ ಹೋಯಿತು. ಅದರ ತಾತ್ಪರ್ಯ ಇದು: ಮನೆ ಕಟ್ಟಿಕೊಂಡು ಇರಿ. ತೋಟ ಹಾಕಿ ಅದರ ಫಲವನ್ನು ಉಣ್ಣಿರಿ. ಮಕ್ಕಳಿಗೆ ಮದುವೆ ಮಾಡಿರಿ. ನೀವು ಇರುವ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ, ಅದರ ಕ್ಷೇಮದಲ್ಲಿಯೇ ನಿಮ್ಮ ಕ್ಷೇಮವಿದೆ. ೭೦ ವರ್ಷ ತುಂಬಿದ ಮೇಲೆ ದೇವರು ನಿಮ್ಮನ್ನು ನೆನೆದು ಮರಳಿ ಕರೆತರುವನು.

ಎಪ್ಪತ್ತು ವರ್ಷ! ಕಾಗದ ಕೈಗೆ ಬಂದಾಗ ಮೂವತ್ತು ವರ್ಷದವನಾಗಿದ್ದವನು ಎಣಿಸಿಕೊಂಡಿರಬೇಕು. ತಾನು ಆ ದಿನವನ್ನು ಕಾಣುವುದಿಲ್ಲವೆಂದು ಅವನಿಗೆ ಕೂಡಲೇ ತಿಳಿದಿರಬೇಕು. ಅದನ್ನು ಓದಿದ ಒಬ್ಬನಿಗೆ ಎಷ್ಟು ಸಿಟ್ಟು ಬಂತೆಂದರೆ, ಇಂಥವನನ್ನು ಇನ್ನೂ ಏಕೆ ಕೋಳಕ್ಕೆ ಹಾಕಿಲ್ಲವೆಂದು ಅಲ್ಲಿಂದಲೇ ಯೆರೂಸಲೇಮಿಗೆ ದೂರು ಬರೆದನು. ಸಿಟ್ಟು ಬರುವುದು ಸಹಜವೇ. ಹನನ್ಯನ ಮಾತು ಸಿಹಿ, ಯೆರೆಮೀಯನ ಮಾತು ಕಹಿ. ಆದರೆ ಎರಡರ ಪರಿಣಾಮವನ್ನು ತೂಗಿ ನೋಡೋಣ. ಎರಡು ವರ್ಷದ ಭರವಸೆಯನ್ನು ನಂಬಿದವನು ಗಂಟು ಬಿಚ್ಚುವುದಿಲ್ಲ, ಗಿಡ ನೆಡುವುದಿಲ್ಲ, ನೆರೆಯವನ ಹೆಸರು ಕೇಳುವುದಿಲ್ಲ. ಎಪ್ಪತ್ತು ವರ್ಷದ ಭರವಸೆಯನ್ನು ನಂಬಿದವನು ಇಂದೇ ಗುದ್ದಲಿ ಹಿಡಿಯಬೇಕಾಗುತ್ತದೆ. ಕೈ ಕಟ್ಟಿ ಕೂರಿಸುವ ಆಶ್ವಾಸನೆ ಯಾವುದು, ಕೈಗೆ ಕೆಲಸ ಕೊಡುವ ಭರವಸೆ ಯಾವುದು ಎಂಬುದೇ ನಮಗೆ ಇಲ್ಲಿ ಸಿಗುವ ಮೊದಲನೆಯ ಒರೆಗಲ್ಲು.

ಆ ಜನ ಗುದ್ದಲಿ ಹಿಡಿದರು ಎಂಬುದಕ್ಕೆ ಧರ್ಮಗ್ರಂಥದ ಹೊರಗೂ ಸಾಕ್ಷಿಯಿದೆ. ಬಾಬಿಲೋನಿನ ಅರಮನೆಯ ಅವಶೇಷಗಳಲ್ಲಿ ಸಿಕ್ಕಿ, ೧೯೩೯ರಲ್ಲಿ ಪ್ರಕಟವಾದ ಮಣ್ಣಿನ ಹಲಗೆಗಳಲ್ಲಿ ಯೆಹೂದದ ಅರಸ ಯೆಹೋಯಾಖೀನನಿಗೂ ಅವನ ಐವರು ಮಕ್ಕಳಿಗೂ ಅಳೆದುಕೊಟ್ಟ ಎಣ್ಣೆಯ ಲೆಕ್ಕವಿದೆ. ಯಾವನೋ ಅರಮನೆಯ ಗುಮಾಸ್ತ ಬೆಣೆಲಿಪಿಯಲ್ಲಿ ಬರೆದಿಟ್ಟ ಉಗ್ರಾಣದ ಪಟ್ಟಿ ಅದು. ೨೦೧೪ರಲ್ಲಿ ಪ್ರಕಟವಾದ ಇನ್ನೊಂದು ರಾಶಿ ಹಲಗೆಗಳು ಕ್ರಿ.ಪೂ. ೫೭೨ರಿಂದ ಸುಮಾರು ಒಂದು ಶತಮಾನದ ಕಾಲದವು. ಗೇಣಿ, ತೆರಿಗೆ, ಖರ್ಜೂರ, ಬಾರ್ಲಿ, ಸಾಲ, ಮದುವೆ ಎಂದು ಅದರ ತುಂಬ ಸಂಸಾರದ ಸಂಗತಿಗಳೇ. ಆ ಜನ ನೆಲೆಸಿದ ಹಳ್ಳಿಯೊಂದಕ್ಕೆ ಇದ್ದ ಹೆಸರು ಅಲ್-ಯಾಹೂದು, ಎಂದರೆ ಯೆಹೂದದ ಊರು. ಬಿಟ್ಟುಬಂದ ನಾಡಿನ ಹೆಸರು ಪರದೇಶದ ಕಾಲುವೆಯ ದಡದಲ್ಲಿ ತೆರಿಗೆಯ ಕಾಗದಕ್ಕೂ ಹತ್ತಿಕೊಂಡಿತು. ಇದನ್ನು ಓದಿ ನಗುವಂತಿಲ್ಲ. ನಮ್ಮ ಸಂಘಗಳ ಹೆಸರನ್ನೂ ನಮ್ಮ ಮನೆಗಳ ಬಾಗಿಲಿನ ಫಲಕವನ್ನೂ ನೋಡಿಕೊಂಡರೆ ಸಾಕು.

ಯೆರೆಮೀಯನು ಬೇರೆಯವರಿಗೆ ಉಪದೇಶಿಸಿ ತಾನು ಸುಮ್ಮನಿದ್ದವನಲ್ಲ. ಮುತ್ತಿಗೆಯ ಕಡೆಯ ದಿನಗಳಲ್ಲಿ ಅವನು ಕಾವಲಿನ ಅಂಗಳದಲ್ಲಿ ಸೆರೆಯಾಗಿದ್ದನು. ಆಗ ಚಿಕ್ಕಪ್ಪನ ಮಗನೊಬ್ಬನು ಬಂದು, ಅನಾತೋತ್ ಎಂಬ ಹಳ್ಳಿಯಲ್ಲಿರುವ ಹೊಲವನ್ನು ಕೊಂಡುಕೋ, ಅದರ ಹಕ್ಕು ನಿನ್ನದು ಎಂದನು. ಆ ಹಳ್ಳಿ ಯೆರೂಸಲೇಮಿನ ಹೊರಗೆ, ಸುತ್ತಲೂ ಶತ್ರುಗಳ ಸೈನ್ಯ. ಅಂಥ ಹೊಲಕ್ಕೆ ಬುದ್ಧಿಯಿರುವವರು ಒಂದು ಕಾಸನ್ನೂ ಕೊಡಲಾರರು. ಯೆರೆಮೀಯನು ೧೭ ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟನು. ನಮ್ಮ ತೂಕದಲ್ಲಿ ಅದು ಸುಮಾರು ೨೦೦ ಗ್ರಾಂ. ಪತ್ರ ಬರೆಸಿ ರುಜು ಹಾಕಿದನು, ಸಾಕ್ಷಿಗಳಿಂದ ಹಾಕಿಸಿದನು. ಮುದ್ರೆಯೊತ್ತಿದ ಪ್ರತಿ ಒಂದು, ತೆರೆದ ಪ್ರತಿ ಒಂದು. ಎರಡನ್ನೂ ಲಿಪಿಕಾರ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಕೆಡದಂತೆ ಮಣ್ಣಿನ ಗಡಿಗೆಯಲ್ಲಿ ಇರಿಸೆಂದು ಹೇಳಿದನು. ಈ ನಾಡಿನಲ್ಲಿ ಮುಂದೆ ಮತ್ತೆ ಮನೆ, ಹೊಲ, ದ್ರಾಕ್ಷಿತೋಟಗಳ ಕ್ರಯವಿಕ್ರಯ ನಡೆಯುವುದೆಂಬ ದೇವರ ಮಾತಿಗೆ ಇದು ಗುರುತು.

ಕಾಗದ ಪತ್ರಗಳ ನಡುವೆಯೇ ಆಯುಷ್ಯ ಕಳೆಯುವ ನಮ್ಮಂಥ ಗುಮಾಸ್ತರಿಗೆ ಈ ಅಧ್ಯಾಯ ವಿಶೇಷವಾಗಿ ಹಿಡಿಸುತ್ತದೆ. ಭಕ್ತಿಯ ವಿಷಯದಲ್ಲಿ ಕಣ್ಣೀರು, ರೋಮಾಂಚ, ದರ್ಶನ ಇವುಗಳ ವರ್ಣನೆಯನ್ನೇ ನಾವು ಹೆಚ್ಚಾಗಿ ಓದಿದ್ದೇವೆ. ಇಲ್ಲಿ ಭಕ್ತಿಯೆಂದರೆ ಎರಡು ಪ್ರತಿ, ಸಾಕ್ಷಿಗಳ ರುಜು, ಕೆಡದ ಪಾತ್ರೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಪತ್ರ ಮುಗಿದ ಕೂಡಲೇ ಯೆರೆಮೀಯನು ದೇವರ ಮುಂದೆ ತನ್ನ ದಿಗ್ಭ್ರಮೆಯನ್ನೂ ತೋಡಿಕೊಳ್ಳುತ್ತಾನೆ: ಪಟ್ಟಣವೇ ಶತ್ರುವಿನ ಪಾಲಾಗುತ್ತಿರುವಾಗ ಹೊಲ ಕೊಳ್ಳೆನ್ನುತ್ತೀಯಲ್ಲ! ಸಂದೇಹ ಬಿಟ್ಟುಹೋದ ಮೇಲೆ ಅವನು ಹಣ ಕೊಟ್ಟದ್ದಲ್ಲ. ಹಣ ಕೊಟ್ಟ ಮೇಲೂ ಸಂದೇಹ ಇದ್ದೇ ಇತ್ತು. ಆ ಹೊಲದಲ್ಲಿ ಅವನು ನೇಗಿಲು ಹೂಡಿದನೆಂದು ಎಲ್ಲಿಯೂ ಬರೆದಿಲ್ಲ. ಕೊನೆಗೆ ಅವನನ್ನು ಅವನ ಜನರೇ ಐಗುಪ್ತಕ್ಕೆ ಎಳೆದುಕೊಂಡು ಹೋದರು. ತಾನು ಉಳದ ಹೊಲದ ಪತ್ರವನ್ನು ಮುಂದಿನವರಿಗಾಗಿ ಜೋಪಾನವಾಗಿ ಇಡುವುದಕ್ಕಿಂತ ಹೆಚ್ಚಿನ ಭರವಸೆ ಯಾವುದಿದ್ದೀತು?

ಇಷ್ಟು ಹಿಂದಿರುಗುವ ಮಾತಾಯಿತು. ಇನ್ನು ಕುರುಬನ ಮಾತು. ಬಾಬಿಲೋನಿಗೆ ಒಯ್ದವರಲ್ಲಿ ಯೆಹೆಜ್ಕೇಲನೆಂಬ ಪುರೋಹಿತನೂ ಇದ್ದನು. ಕೆಬಾರ್ ಕಾಲುವೆಯ ದಡದಲ್ಲಿ ಅವನು ಪ್ರವಾದಿಯಾದನು. ಯೆರೂಸಲೇಮು ಬಿದ್ದ ಸುದ್ದಿಯನ್ನು ತಪ್ಪಿಸಿಕೊಂಡು ಬಂದವನೊಬ್ಬನು ತಂದದ್ದು ಅವನ ಗ್ರಂಥದ ೩೩ನೆಯ ಅಧ್ಯಾಯದಲ್ಲಿದೆ. ಕುರುಬನ ವಾಗ್ದಾನ ಅದರ ಮರು ಅಧ್ಯಾಯದಲ್ಲಿ ಬರುತ್ತದೆ. ಆ ಸೀಮೆಯಲ್ಲಿ ಅರಸರನ್ನು ಕುರುಬರೆಂದು ಕರೆಯುವುದು ಹಳೆಯ ವಾಡಿಕೆ. ಪ್ರಸಿದ್ಧ ಕಾನೂನು ಶಾಸನದ ಹಮ್ಮುರಾಬಿಯು ಕೂಡ ಅದರ ಪೀಠಿಕೆಯಲ್ಲಿ ತನ್ನನ್ನು ಕುರುಬನೆಂದೇ ಕರೆದುಕೊಂಡಿದ್ದಾನೆ. ಯೆಹೆಜ್ಕೇಲನು ಆ ಬಿರುದನ್ನೇ ಹಿಡಿದು ಅರಸರನ್ನು ವಿಚಾರಣೆಗೆ ನಿಲ್ಲಿಸುತ್ತಾನೆ: ಕೊಬ್ಬಿದ ಕುರಿಯನ್ನು ತಿಂದಿರಿ, ಉಣ್ಣೆಯನ್ನು ಹೊದ್ದಿರಿ, ಆದರೆ ಕುರಿಗಳನ್ನು ಮೇಯಿಸಲಿಲ್ಲ. ಇನ್ನು ಮೇಲೆ ದೇವರು ತಾನೇ ಇಳಿದು ತನ್ನ ಕುರಿಗಳನ್ನು ಹುಡುಕುವನು. ಕಳೆದುಹೋದದ್ದನ್ನು ಅರಸುವನು, ಮುರಿದದ್ದಕ್ಕೆ ಕಟ್ಟು ಕಟ್ಟುವನು, ಬಲಹೀನವಾದದ್ದನ್ನು ಬಲಪಡಿಸುವನು.

ಕನ್ನಡ ಬೈಬಲ್ಲಿನಲ್ಲಿ ಈ ಸ್ಥಳಗಳಲ್ಲೆಲ್ಲ ಬರುವ ಶಬ್ದ 'ಕುರುಬ' ಎಂಬುದೇ. ಅದನ್ನು ಮೊದಲು ಕನ್ನಡಕ್ಕೆ ತಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇದ್ದದ್ದು ಬಳ್ಳಾರಿಯಲ್ಲಿ. ಕಿಟಕಿಯಿಂದ ನೋಡಿದರೆ ಕುರಿಯ ಮಂದೆ ಕಾಣುವ ಸೀಮೆ ಅದು. ಬಳ್ಳಾರಿ, ಕೊಪ್ಪಳ, ಬೆಳಗಾವಿಯ ಕಡೆಯ ಕುರಿಗಾಹಿಗಳು ಮಂದೆಯನ್ನು ಹೊಡೆದುಕೊಂಡು ಊರಿಂದ ಊರಿಗೆ ಹೋಗುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಕೊಯ್ಲಾದ ಹೊಲದಲ್ಲಿ ಮಂದೆ ತಂಗಿದರೆ ರೈತನಿಗೆ ಗೊಬ್ಬರ, ಕುರುಬನಿಗೆ ಕಾಳು ಅಥವಾ ಹಣ. ಆಗ ತಾನೆ ಹುಟ್ಟಿದ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಳ್ಳುತ್ತಾರೆ. ತೋಳದ ಭಯಕ್ಕೆ ರಾತ್ರಿಯೆಲ್ಲ ಕಾವಲು. ನಮ್ಮ ಗೋವಿನ ಹಾಡಿನ ಕಾಳಿಂಗನು ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುವುದು ನಾವು ಶಾಲೆಯಲ್ಲಿಯೇ ಕೇಳಿದ ಸಂಗತಿ. ಒಳ್ಳೆಯ ಕುರುಬನು ತನ್ನ ಕುರಿಗಳನ್ನು ಹೆಸರಿನಿಂದ ಕರೆಯುವನೆಂದು ಯೋಹಾನನ ಸುವಾರ್ತೆಯಲ್ಲಿ ಏಸುವೂ ಹೇಳುತ್ತಾನೆ. ಕಾಯುವುದೆಂದರೆ ಲೆಕ್ಕದಲ್ಲಿ ಸೇರಿಸಿಕೊಳ್ಳುವುದಷ್ಟೇ ಅಲ್ಲ, ಹೆಸರು ತಿಳಿದಿರುವುದು ಎಂದು ಗೊಲ್ಲನಿಗೂ ಗೊತ್ತು, ಗುರುವಿಗೂ ಗೊತ್ತು.

ಯೆಹೆಜ್ಕೇಲನ ಈ ಅಧ್ಯಾಯದಲ್ಲಿ ಸಾಮಾನ್ಯವಾಗಿ ಯಾರೂ ಓದಿ ಹೇಳದ ಒಂದು ಭಾಗವಿದೆ. ಕುರುಬರ ವಿಚಾರಣೆ ಮುಗಿದ ಮೇಲೆ ಕುರಿಗಳ ವಿಚಾರಣೆ ಆರಂಭವಾಗುತ್ತದೆ. ಕೊಬ್ಬಿದ ಕುರಿಗಳು ತಾವು ಮೇದು ಉಳಿದ ಹುಲ್ಲನ್ನು ತುಳಿಯುತ್ತವೆ. ತಾವು ಕುಡಿದು ಉಳಿದ ನೀರನ್ನು ಕಾಲಿನಿಂದ ಕದಡುತ್ತವೆ. ಬಡಕಲು ಕುರಿಗಳನ್ನು ಪಕ್ಕೆಯಿಂದಲೂ ಹೆಗಲಿನಿಂದಲೂ ನೂಕುತ್ತವೆ. ಅವೆರಡರ ನಡುವೆ ತಾನು ನ್ಯಾಯ ತೀರಿಸುವೆನೆಂದು ದೇವರು ಹೇಳುತ್ತಾನೆ. ಹಾಗಾದರೆ ದೇವರು ಕಾಯುತ್ತಾನೆ ಎಂಬ ಒಂದೇ ಮಾತು ಕೇಳುವವನ ಸ್ಥಿತಿಗೆ ತಕ್ಕಂತೆ ಎರಡಾಗುತ್ತದೆ. ಬಿದ್ದವನಿಗೆ ಅದು ವಿಶ್ರಾಂತಿ: ನೀನು ನಡೆಯಬೇಕಾಗಿಲ್ಲ, ಎತ್ತಿಕೊಳ್ಳುವವನಿದ್ದಾನೆ. ನಿಂತವನಿಗೆ ಅದು ಎಚ್ಚರಿಕೆ: ನಿನ್ನ ಹೆಗಲು ಯಾರಿಗೆ ತಗಲುತ್ತಿದೆ, ನೋಡಿಕೋ. ನಾವು ಮಾಡುವುದು ಬಹಳ ಸಲ ಇದರ ತಲೆಕೆಳಗು. ಬಿದ್ದವನಿಗೆ ಧೈರ್ಯ ತಂದುಕೋ ಎಂದು ಉಪದೇಶ, ನಮಗೆ ನಾವೇ ದೇವರಿದ್ದಾನೆ ಎಂಬ ವಿಶ್ರಾಂತಿ.

ಕೊಟ್ಟ ಮಾತು ನಡೆಯಿತೇ? ನಡೆಯಿತು, ಆದರೆ ಯಾರೂ ಎಣಿಸಿದ ರೀತಿಯಲ್ಲಿ ಅಲ್ಲ. ಕ್ರಿ.ಪೂ. ೫೩೯ರಲ್ಲಿ ಪರ್ಷಿಯದ ಕೋರೆಷನು ಬಾಬಿಲೋನನ್ನು ಗೆದ್ದು, ಮರುವರ್ಷ ಯೆಹೂದ್ಯರಿಗೆ ಹಿಂದಿರುಗಲು ಅಪ್ಪಣೆ ಕೊಟ್ಟನೆಂದು ಅವರ ಗ್ರಂಥ ಹೇಳುತ್ತದೆ. ತಮ್ಮ ದೇವರನ್ನು ಅರಿಯದ ಈ ಪರಕೀಯನನ್ನೇ ಯೆಶಾಯನ ಗ್ರಂಥ ದೇವರ ಕುರುಬನೆಂದು ಕರೆದಿದೆ. ೧೮೭೯ರಲ್ಲಿ ಬಾಬಿಲೋನಿನಲ್ಲಿ ಸಿಕ್ಕ ಕೋರೆಷನ ಮಣ್ಣಿನ ಶಾಸನದಲ್ಲಿ ಚದರಿದ ಜನರನ್ನೂ ಅವರ ದೇವರುಗಳನ್ನೂ ಸ್ವಸ್ಥಾನಕ್ಕೆ ಕಳಿಸಿದ ಮಾತಿದೆ. ಯೆರೂಸಲೇಮಿನ ಹೆಸರು ಅದರಲ್ಲಿಲ್ಲ. ೨೦೧೩ರ ಡಿಸೆಂಬರಿನಲ್ಲಿ ಅದನ್ನು ಲಂಡನ್ನಿನಿಂದ ತರಿಸಿ ನಮ್ಮ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯದಲ್ಲಿ ಕೆಲವು ವಾರ ಪ್ರದರ್ಶನಕ್ಕೆ ಇಟ್ಟಿದ್ದರು. ಅಂಗೈಯಗಲದ ಅಕ್ಷರಗಳನ್ನು ನಿರೀಕ್ಷಿಸಿದವರಿಗೆ ಕಾಣುವುದು ಒಂದು ಪೀಪಾಯಿಯಾಕಾರದ ಮಣ್ಣಿನ ಮುದ್ದೆ, ಅದರ ಮೈತುಂಬ ಇರುವೆ ಸಾಲಿನಂಥ ಬರಹ. ದೇವರ ಮಾತು ಅಪರಿಚಿತರ ಕೈಯಿಂದಲೂ, ನಾವು ನಿರೀಕ್ಷಿಸದ ಬಾಗಿಲಿನಿಂದಲೂ ಬಂದೀತು.

ಹಿಂದಿರುಗಿದವರು ದೇವಾಲಯಕ್ಕೆ ಅಸ್ತಿವಾರ ಹಾಕಿದ ದಿನದ ವರ್ಣನೆ ಎಜ್ರನ ಗ್ರಂಥದಲ್ಲಿದೆ. ಕಿರಿಯರು ಹರ್ಷದಿಂದ ಕೂಗಿದರು. ಮೊದಲಿನ ದೇವಾಲಯವನ್ನು ಕಣ್ಣಾರೆ ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರು. ಹರ್ಷದ ಧ್ವನಿ ಯಾವುದು, ಅಳುವಿನ ಧ್ವನಿ ಯಾವುದು ಎಂದು ಯಾರಿಗೂ ತಿಳಿಯಲಿಲ್ಲ. ಕಟ್ಟಡ ಮುಗಿದದ್ದು ಕ್ರಿ.ಪೂ. ೫೧೫ರ ಸುಮಾರಿಗೆ, ಹಳೆಯದು ಸುಟ್ಟುಹೋಗಿ ಹೆಚ್ಚು ಕಡಿಮೆ ೭೦ ವರ್ಷಗಳಿಗೆ. ಮರಳಿ ಸಿಕ್ಕಿದ್ದು ಕಳೆದುಕೊಂಡದ್ದೇ ಅಲ್ಲ. ಹಲವರು ಹಿಂದಿರುಗಲೂ ಇಲ್ಲ. ಅಲ್ಲಿಯೇ ಬೇರೂರಿ ವಿದ್ಯೆಯಲ್ಲಿ ಹೆಸರಾದರು. ಆ ಸಮುದಾಯ ಇರಾಕಿನಲ್ಲಿ ಎರಡೂವರೆ ಸಾವಿರ ವರ್ಷ ಬಾಳಿ, ೧೯೫೦-೫೧ರಲ್ಲಿ ಅದರ ಒಂದು ಲಕ್ಷಕ್ಕೂ ಮೀರಿದ ಜನ ಇಸ್ರೇಲಿಗೆ ಹೊರಟರು. ಅದರದೇ ಒಂದು ಕವಲು ಬಾಗ್ದಾದಿನಿಂದ ೧೮೩೨ರಲ್ಲಿ ಮುಂಬಯಿಗೆ ಬಂದ ಡೇವಿಡ್ ಸಸೂನರ ಮನೆತನ. ಸಸೂನ್ ಡಾಕಿನಲ್ಲಿ ಮೀನು ಕೊಳ್ಳುವಾಗ, ಕಾಲಾಘೋಡಾದ ಸಸೂನ್ ಗ್ರಂಥಾಲಯದ ಮುಂದೆ ಬಸ್ಸಿಗೆ ಕಾಯುವಾಗ, ಆ ಕೆಬಾರ್ ಕಾಲುವೆಯ ಜನರ ನೆರಳಿನಲ್ಲಿಯೇ ನಾವು ನಿಂತಿರುತ್ತೇವೆ. ತಾವಿರುವ ಪಟ್ಟಣದ ಕ್ಷೇಮವನ್ನು ಬಯಸಿರೆಂದ ಆ ಹಳೆಯ ಕಾಗದವನ್ನು ಅವರು ಮರೆತಿರಲಿಲ್ಲವೆಂದು ಈ ಕಟ್ಟಡಗಳನ್ನು ನೋಡಿದರೆ ಅನ್ನಿಸುತ್ತದೆ.

ಒಂದು ಆಕ್ಷೇಪಣೆ ಉಳಿಯಿತು, ಅದನ್ನು ಮರೆಮಾಚುವಂತಿಲ್ಲ. ಮುತ್ತಿಗೆಯಲ್ಲಿ ಹಸಿದು ಸತ್ತ ಮಗುವಿಗೆ ಈ ವಾಗ್ದಾನದಿಂದ ಬಂದದ್ದೇನು? ಎಪ್ಪತ್ತು ವರ್ಷದ ನಂತರ ಯಾರೋ ಹಿಂದಿರುಗಿದರೆ ಆ ತಾಯಿಗೆ ಏನು? ಇದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಆ ಗ್ರಂಥವನ್ನು ಕೂಡಿಸಿದವರೂ ಉತ್ತರವಿದೆಯೆಂದು ನಟಿಸಲಿಲ್ಲ. ಆ ದುಃಖಕ್ಕಾಗಿ ಪ್ರಲಾಪಗಳೆಂಬ ಐದು ಅಧ್ಯಾಯಗಳ ಗ್ರಂಥವೇ ಇದೆ. ಅದರ ನಡುವೆ ಭರವಸೆಯ ಕೆಲವು ಸಾಲುಗಳಿದ್ದರೂ, ಅದು ಮುಗಿಯುವುದು ದೇವರು ನಮ್ಮನ್ನು ಪೂರಾ ತೊರೆದನೇನೋ ಎಂಬ ಶಂಕೆಯಲ್ಲಿ. ಕನ್ನಡ ಬೈಬಲ್ಲಿನ ಅನುಕ್ರಮದಲ್ಲಿ ಅದರ ಸ್ಥಾನ ಯೆರೆಮೀಯನಿಗೂ ಯೆಹೆಜ್ಕೇಲನಿಗೂ ನಡುವೆ. ಕಾಗದದ ವಾಗ್ದಾನ ಒಂದು ಕಡೆ, ಕುರುಬನ ವಾಗ್ದಾನ ಇನ್ನೊಂದು ಕಡೆ, ಎರಡರ ಮಧ್ಯದಲ್ಲಿ ಅಳು. ಅಳುವವನಿಗೆ ಬೇಗ ಸುಮ್ಮನಾಗೆಂದು ಹೇಳದಿರುವುದೂ ದೇವರನ್ನು ನಂಬುವ ಒಂದು ವಿಧವೆಂದು ಈ ಜೋಡಣೆಯಿಂದ ನಾವು ತಿಳಿಯಬಹುದು.

ಇನ್ನು ನಮ್ಮ ವಿಷಯ. ನಿವೃತ್ತಿಯಾದ ಮೇಲೆ ಊರಿಗೆ ಹೋಗುತ್ತೇವೆ, ಆಗ ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತೇವೆ, ಆಗ ಮಕ್ಕಳಿಗೆ ಕನ್ನಡ ಕಲಿಸುತ್ತೇವೆ ಎಂಬ ಭರವಸೆಯ ಮೇಲೆ ನಮ್ಮಲ್ಲಿ ಎಷ್ಟೋ ಮನೆಗಳು ನಡೆಯುತ್ತಿವೆ. ಅದು ಹನನ್ಯನ ಎರಡು ವರ್ಷ. ಅಪ್ಪ ಅಮ್ಮ ನಮ್ಮ ನಿವೃತ್ತಿಗಾಗಿ ಕಾಯಲಾರರು, ಮಕ್ಕಳ ನಾಲಗೆ ಅಲ್ಲಿಯವರೆಗೆ ಎಳೆಯದಾಗಿರದು. ಊರಿಗೆ ಹಿಂದಿರುಗುವುದು ನಮ್ಮ ಪಾಲಿಗೆ ಇದೆಯೋ ಇಲ್ಲವೋ, ಹೊಲದ ಪತ್ರವನ್ನು ಗಡಿಗೆಯಲ್ಲಿ ಇಡುವ ಕೆಲಸವಂತೂ ಇದೆ: ಇಂದು ಸಂಜೆ ಮಗುವಿನ ಪಕ್ಕದಲ್ಲಿ ಕೂತು ತಿದ್ದಿಸುವ ನಾಲ್ಕು ಅಕ್ಷರ, ಊರಿಗೆ ಮಾಡುವ ಒಂದು ಫೋನು, ಅದರಲ್ಲಿ ನಮ್ಮ ಮಾತಿಗಿಂತ ಅವರ ಮಾತಿಗೆ ಹೆಚ್ಚು ಹೊತ್ತು. ಇರುವ ಊರಿನ ಕ್ಷೇಮವೂ ನಮ್ಮದೇ. ನೆರೆಯ ಮರಾಠಿಯವರ ಮನೆಯ ಕಷ್ಟಕ್ಕೆ ನಾವು ಹೊರಗಿನವರಾಗಿ ಉಳಿಯತಕ್ಕದ್ದಲ್ಲ.

ಕುರುಬನನ್ನು ನಂಬಿದ ಮೇಲೆ ಮಂದೆಯಲ್ಲಿ ಹೇಗಿರಬೇಕೆಂಬುದೂ ನಮಗೆ ತಿಳಿಯದ ವಿಷಯವೇನಲ್ಲ. ನಮ್ಮ ಸಂಘದಲ್ಲಿಯೇ ಹಿಂದಿನ ಸಾಲಿನಲ್ಲಿ ಒಬ್ಬರೇ ಬಂದು ಒಬ್ಬರೇ ಹೋಗುವವರಿದ್ದಾರೆ. ಮೊನ್ನೆ ಮೊನ್ನೆ ಹುಬ್ಬಳ್ಳಿಯಿಂದಲೋ ಉಡುಪಿಯಿಂದಲೋ ಬಂದು ಕೋಣೆ ಹುಡುಕುತ್ತಿರುವ ಹುಡುಗರಿದ್ದಾರೆ. ಗಂಡ ತೀರಿದ ಮೇಲೆ ಕಾರ್ಯಕ್ರಮಗಳಿಗೆ ಬರುವುದನ್ನು ಬಿಟ್ಟ ತಾಯಂದಿರಿದ್ದಾರೆ. ಅವರ ಹೆಸರು ನಮಗೆ ಗೊತ್ತೆ? ದೇವರಿದ್ದಾನೆ ಎಂಬುದು ಸತ್ಯವೇ ಇರಬೇಕೆಂದು ನಾವು ನಂಬುತ್ತೇವೆ. ಅದನ್ನು ಇನ್ನೊಬ್ಬರ ಮನೆಯ ಹೊಸಿಲಿನಲ್ಲಿ ನಿಂತು ಹೇಳುವಾಗ, ಅದರ ಬೆನ್ನಿಗೇ ನಾಳೆ ಎಷ್ಟು ಗಂಟೆಗೆ ಬರಲಿ ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳೋಣ.